ನಿಂತವರ ಹೆಸರು ಹೇಳುವ ಕೆಲಸ

ಟೊರಾಂಟೋ ಪಕ್ಕದ ಅರೋರಾದಲ್ಲಿರುವ ನನ್ನ ಗೆಳತಿಯ ಮಗಳು ಮೇಘನಾಗೆ ಪ್ರಾಂತೀಯ ಶಾಸನಸಭೆಯ ಕಚೇರಿಯಲ್ಲಿ ಕೆಲಸ ಸಿಕ್ಕಿದೆ ಎಂದು ಹೋದ ತಿಂಗಳು ಫೋನ್ ಬಂತು. ಹುಡುಗಿ ಚುರುಕು. ಸೇರುವ ಮೊದಲು ಏನೇನು ಓದಿಕೊಳ್ಳಬೇಕು ಆಂಟಿ ಎಂದು ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಕೇಳಿದಳು. ನಿಯಮಾವಳಿ ಓದು ಎಂದೆ. ಆಗಲೇ ಓದಿ ಮುಗಿಸಿದ್ದೇನೆ ಎಂದಳು. ಹಾಗಾದರೆ ಮುಖ ಓದು ಎಂದೆ. ನಕ್ಕಳು. ನಿವೃತ್ತಿಯಾದ ಮೇಲೆ ಈ ಆಂಟಿಗೆ ಏನೋ ಆಗಿದೆ ಎಂದುಕೊಂಡಿರಬೇಕು. ಅದಕ್ಕೇ ಬರೆಯಲು ಕೂತಿದ್ದೇನೆ. ಫೋನಿನಲ್ಲಿ ವಿವರಿಸಹೋದರೆ ನನಗೆ ಬೇಗ ಸಿಟ್ಟು ಬರುತ್ತದೆ. ಬರೆಯುವಾಗ ಸ್ವಲ್ಪ ತಡವಾಗಿ ಬರುತ್ತದೆ.

ನಾನು ಹುಟ್ಟಿ ಓದಿದ್ದು ಧಾರವಾಡದಲ್ಲಿ. ದುಡಿದದ್ದೆಲ್ಲ ಟೊರಾಂಟೋದಲ್ಲಿ. ನಾರ್ತ್ ಯಾರ್ಕಿನ ಹದಿನಾಲ್ಕನೇ ಮಹಡಿಯಿಂದ ಇಳಿದು, ಸಬ್‌ವೇ ಹಿಡಿದು, ಶಾಸನಸಭೆಯ ಕಲ್ಲಿನ ಮೆಟ್ಟಿಲು ಹತ್ತುವುದು ನನ್ನ ದಿನಚರಿ. ಯಾವಾಗ ಯಾವ ಬಡ್ತಿ ಸಿಕ್ಕಿತು ಎಂಬುದು ಯಾರಿಗೂ ಬೇಡದ ವಿಷಯ, ಅದನ್ನು ಬಿಟ್ಟೇಬಿಡುತ್ತೇನೆ. ಕೊನೆಗೆ ನಾನು ಕೂತದ್ದು ಸಭಾಧ್ಯಕ್ಷರ ಪೀಠದ ಕೆಳಗಿನ ಉದ್ದನೆಯ ಮೇಜಿನಲ್ಲಿ, ಕಪ್ಪು ಗೌನು ಹಾಕಿಕೊಂಡು. ಆ ಮೇಜಿನಲ್ಲಿ ಕೂರುವ ಅಧಿಕಾರಿಗಳನ್ನು ಅಲ್ಲಿ ಕ್ಲರ್ಕ್ ಎನ್ನುತ್ತಾರೆ. ಊರಿಗೆ ಫೋನ್ ಮಾಡಿ ಅವ್ವನಿಗೆ ಹೇಳಿದೆ. ಆಕೆ, "ಎಂ.ಎ. ಮಾಡಿಸಿದ್ದು ಕ್ಲರ್ಕ್ ಆಗ್ಲಿಕ್ಕೇನವಾ?" ಎಂದಳು. ಅದು ದೊಡ್ಡ ಹುದ್ದೆ ಎಂದು ನಂಬಿಸಲು ನನಗೆ ಎರಡು ವರ್ಷ ಹಿಡಿಯಿತು. ಪೂರ್ತಿ ನಂಬಿದಳೋ ಇಲ್ಲವೋ, ಈಗ ಕೇಳುವಂತಿಲ್ಲ.

ಕೆಲಸ ಏನು ಎಂದು ಹೇಳುತ್ತೇನೆ. ನಮ್ಮ ಸಭೆಯಲ್ಲಿ ಮತ ಹಾಕಲು ಗುಂಡಿ ಇರಲಿಲ್ಲ. ಗಂಟೆ ಬಾರಿಸುತ್ತದೆ, ಸದಸ್ಯರು ಒಳಗೆ ಬರುತ್ತಾರೆ, ನಿರ್ಣಯದ ಪರ ಇರುವವರು ಒಬ್ಬೊಬ್ಬರಾಗಿ ತಮ್ಮ ತಮ್ಮ ಜಾಗದಲ್ಲಿ ಎದ್ದು ನಿಲ್ಲುತ್ತಾರೆ. ನಿಂತವರ ಮುಖ ನೋಡಿ ಮೇಜಿನ ಅಧಿಕಾರಿ ಗಟ್ಟಿಯಾಗಿ ಅವರ ಹೆಸರು ಹೇಳಬೇಕು. ಹೆಸರು ಕೇಳಿದ ಮೇಲೆ ಅವರು ಕೂರುತ್ತಾರೆ, ಮತ ದಾಖಲಾಗುತ್ತದೆ. ಆಮೇಲೆ ವಿರುದ್ಧ ಇರುವವರು. ಕೈಯಲ್ಲಿ ಚೀಟಿ ಹಿಡಿದು ಓದುವಂತಿಲ್ಲ, ತಡವರಿಸುವಂತಿಲ್ಲ. ನೂರಕ್ಕೂ ಹೆಚ್ಚು ಮುಖ, ನೂರಕ್ಕೂ ಹೆಚ್ಚು ಹೆಸರು, ಎಲ್ಲ ತಲೆಯಲ್ಲೇ ಇರಬೇಕು.

ನನ್ನನ್ನು ಆ ಜಾಗದಲ್ಲಿ ಕೂರಿಸಿದ್ದು ಹೆಲೆನ್, ನಮ್ಮ ಮುಖ್ಯಾಧಿಕಾರಿ. ಬೆಳ್ಳಗಾದ ಗಿಡ್ಡ ಕೂದಲು, ಮಾತು ಕಡಿಮೆ. ಅದಕ್ಕೂ ಮೊದಲು ಹನ್ನೊಂದು ವರ್ಷ ನಾನು ಹಿಂದಿನ ಕೋಣೆಯಲ್ಲಿ ಕಾಗದ ಜೋಡಿಸುತ್ತಿದ್ದೆ. ಚುನಾವಣೆಯ ಮಾರನೇ ದಿನ ಹೆಲೆನ್ ಬಂದು, ಈ ಸಲ ಹೆಸರು ಹೇಳುವವಳು ನೀನು ಎಂದರು. ಸಭೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೊಸಬರು. ಅವರಿಗೂ ಮೊದಲ ಅವಧಿ, ನನಗೂ ಮೊದಲ ಅವಧಿ.

ರಾಜಕಾರಣಿಗಳೆಂದರೆ ಮೂಗು ಮುರಿಯುವ ಅಭ್ಯಾಸ ನಮಗೆಲ್ಲ ಇದೆ. ನನಗೂ ಇತ್ತು. ಆ ಅವಧಿಯ ಜನರನ್ನು ಹತ್ತಿರದಿಂದ ನೋಡಿದ ಮೇಲೆ ಬಿಟ್ಟೆ. ಕೂಗಾಡಿದ್ದಾರೆ, ಸುಳ್ಳು ಹೇಳಿದವರೂ ಇರಬಹುದು, ಆದರೆ ಅವರು ಕಲಿತ ರೀತಿ ನೋಡಿದರೆ ಕೈಮುಗಿಯಬೇಕು ಅನ್ನಿಸುತ್ತಿತ್ತು.

ವಾಲ್ಟರ್ ಎಂಬ ಹೊಸ ಸದಸ್ಯರಿದ್ದರು, ಆಳುವ ಪಕ್ಷದವರು. ಇಪ್ಪತ್ತೆರಡು ವರ್ಷ ಶಾಲೆಯ ಬಸ್ಸು ಓಡಿಸಿದವರು. ಬಸ್ಸು ತೆಗೆಯುವ ಮೊದಲು ಸುತ್ತ ಒಂದು ಸುತ್ತು ಬಂದು ಚಕ್ರ, ದೀಪ, ಬಾಗಿಲು ಎಲ್ಲ ನೋಡಬೇಕೆಂಬುದು ಅವರ ವೃತ್ತಿಯ ನಿಯಮ. ಸಭೆಗೂ ಅದನ್ನೇ ತಂದರು. ದಿನಾ ಎಲ್ಲರಿಗಿಂತ ಮೊದಲು ಬಂದು ತಮ್ಮ ಮೇಜಿನ ಸುತ್ತ ಹೋಗಿ ಮೈಕು, ಡ್ರಾಯರು, ಕುರ್ಚಿಯ ಕಾಲು ಮುಟ್ಟಿ ನೋಡುತ್ತಿದ್ದರು. ನಾವು ಬೆನ್ನ ಹಿಂದೆ ನಗುತ್ತಿದ್ದೆವು. ಅವರ ಚೊಚ್ಚಲ ಭಾಷಣದ ದಿನ ಎರಡನೇ ವಾಕ್ಯಕ್ಕೇ ಗಂಟಲು ಕಟ್ಟಿತು. ಕಾಗದ ಕೈಯಲ್ಲಿದೆ, ಮಾತು ಬರುತ್ತಿಲ್ಲ, ಮುಖ ಕೆಂಪಾಗಿದೆ.

ಆಗ ಎದುರು ಸಾಲಿನಲ್ಲಿದ್ದ ವಿರೋಧ ಪಕ್ಷದ ನಾಯಕರು ಅಂಗೈಯಿಂದ ಮೇಜು ತಟ್ಟತೊಡಗಿದರು. ಚುನಾವಣೆಯಲ್ಲಿ ಸೋತು ಸುಣ್ಣವಾಗಿ ಬಂದು ಕೂತವರು ಅವರು. ಅವರ ಗೆಳೆಯನೊಬ್ಬನನ್ನು ಸೋಲಿಸಿ ಬಂದವರೇ ಈ ವಾಲ್ಟರ್. ಆದರೂ ತಟ್ಟಿದರು. ಹಿಂದಿನ ಸಾಲುಗಳೂ ತಟ್ಟಿದವು, ಆಮೇಲೆ ಈ ಕಡೆಯವರೂ ತಟ್ಟಿದರು. ವಾಲ್ಟರ್ ನೀರು ಕುಡಿದು, ಕನ್ನಡಕ ಒರೆಸಿ, ಜಾಗ ಹುಡುಕಿಕೊಳ್ಳುವವರೆಗೆ ಆ ಸದ್ದು ನಿಲ್ಲಲಿಲ್ಲ. ಮಾರನೇ ದಿನ ಅದೇ ನಾಯಕರು ಅದೇ ವಾಲ್ಟರ್ ಮಾಡಿದ ವಾದವನ್ನು ಚಿಂದಿ ಮಾಡಿದರು, ಅದು ಬೇರೆ ಮಾತು.

ಸಭಾಧ್ಯಕ್ಷರೂ ಪೀಠಕ್ಕೆ ಹೊಸಬರು. ಸಣ್ಣ ಊರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಧಡೂತಿ ಮನುಷ್ಯ. ಆಯ್ಕೆಯಾದ ಸಭಾಧ್ಯಕ್ಷರು ಒಲ್ಲೆ ಒಲ್ಲೆ ಎಂದು ಕೊಸರಾಡಬೇಕು, ಮುಖ್ಯಮಂತ್ರಿ ಒಂದು ಕೈ, ವಿರೋಧ ಪಕ್ಷದ ನಾಯಕರು ಇನ್ನೊಂದು ಕೈ ಹಿಡಿದು ಎಳೆದುಕೊಂಡು ಹೋಗಿ ಪೀಠದಲ್ಲಿ ಕೂರಿಸಬೇಕು, ಇದು ಅಲ್ಲಿನ ಸಂಪ್ರದಾಯ. ಹಿಂದೆ ಇಂಗ್ಲೆಂಡಿನಲ್ಲಿ ಈ ಹುದ್ದೆಯಲ್ಲಿದ್ದ ಕೆಲವರು ರಾಜನ ಸಿಟ್ಟಿಗೆ ತಲೆ ಕಳೆದುಕೊಂಡರಂತೆ, ಅದರ ನೆನಪಿಗೆ ಈ ನಾಟಕ. ಎಲ್ಲರೂ ನಕ್ಕುಕೊಂಡು ಮಾಡುತ್ತಾರೆ. ಇವರು ನಗಲಿಲ್ಲ. ಅವರ ಅಂಗೈ ಬೆವರಿ ಒದ್ದೆಯಾಗಿತ್ತೆಂದು ಮುಖ್ಯಮಂತ್ರಿ ಆಮೇಲೆ ಹೆಲೆನ್‌ಗೆ ಹೇಳಿದರಂತೆ. ಮಾರನೇ ವಾರ ಬೆಳಿಗ್ಗೆ ನಾನು ಯಾವುದೋ ಕಾಗದ ಇಡಲು ಖಾಲಿ ಸಭಾಂಗಣಕ್ಕೆ ಹೋದರೆ ಈ ಮನುಷ್ಯ ಒಬ್ಬರೇ ಪೀಠದಲ್ಲಿ ಕೂತು, ಒಂದೊಂದು ಖಾಲಿ ಕುರ್ಚಿಗೂ ತಲೆಬಾಗಿ, ಆ ಸದಸ್ಯರನ್ನು ಮಾತಿಗೆ ಕರೆಯುವಾಗ ಹೇಳಬೇಕಾದ ಕ್ಷೇತ್ರದ ಹೆಸರು ಹೇಳುತ್ತಿದ್ದರು. ತಪ್ಪಿದಾಗ ತಾವೇ ಕ್ಷಮಿಸಿ ಎನ್ನುತ್ತಿದ್ದರು, ಖಾಲಿ ಕುರ್ಚಿಗೆ! ನನ್ನನ್ನು ನೋಡಿ ನಾಚಿಕೊಂಡು, ಅಂಗಡಿಯಲ್ಲಾದರೆ ಯಾವ ಮೊಳೆ ಯಾವ ಡಬ್ಬಿಯಲ್ಲಿದೆ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದೆ, ಇಲ್ಲಿ ಇನ್ನೂ ಆಗುತ್ತಿಲ್ಲ ಎಂದರು. ನನಗೆ ಅವರ ಮೇಲೆ ಅವತ್ತೇ ಪ್ರೀತಿ ಹುಟ್ಟಿತು.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಬರಲೇಬೇಕಲ್ಲ.

ಮುಖ ಕಲಿಯಲು ಹೆಲೆನ್ ಒಂದು ಕ್ರಮ ಇಟ್ಟಿದ್ದರು. ಒಬ್ಬೊಬ್ಬರಿಗೆ ಒಂದು ಕಾರ್ಡು, ಮುಂದೆ ಫೋಟೋ, ಹಿಂದೆ ಹೆಸರು. ಫೋಟೋ ನಂಬಬೇಡ, ಚುನಾವಣೆಯ ಫೋಟೋದಲ್ಲಿ ಎಲ್ಲರೂ ಹತ್ತು ವರ್ಷ ಚಿಕ್ಕವರು, ಅವರು ಎದ್ದು ನಿಲ್ಲುವ ರೀತಿ ನೋಡು ಎನ್ನುತ್ತಿದ್ದರು. ಅದು ಎಂಥ ಮಾತು ಎಂದು ನನಗೆ ಅರ್ಥವಾದದ್ದು ಮುಂದಿನ ಅವಧಿಯಲ್ಲಿ, ಎಲ್ಲರೂ ಮಾಸ್ಕ್ ಹಾಕಿಕೊಂಡು ಹೊರಗಿನ ಮೊಗಸಾಲೆಯಲ್ಲಿ ಸಾಲಾಗಿ ನಡೆದು ಮತ ಹಾಕುವಂತಾದಾಗ. ಹೊಸ ಸದಸ್ಯರ ತರಬೇತಿಯ ದಿನ ಪ್ರತಿಯೊಬ್ಬರೂ ನನ್ನ ಮೇಜಿಗೆ ಬಂದು ತಮ್ಮ ಹೆಸರನ್ನು ತಾವೇ ಮೂರು ಸಲ ಹೇಳಬೇಕು, ಅವರು ಹೇಳಿದಂತೆಯೇ ನಾನು ಬರೆದುಕೊಳ್ಳಬೇಕು. ನಾನು ಕನ್ನಡದಲ್ಲೇ ಬರೆದುಕೊಂಡೆ. ಉಕ್ರೇನಿನ ಹೆಸರಾಗಲಿ, ಪೋರ್ಚುಗೀಸ್ ಹೆಸರಾಗಲಿ, ನಮ್ಮ ಅಕ್ಷರದಲ್ಲಿ ಅನ್ನುವ ಹಾಗೆಯೇ ಕೂರುತ್ತದೆ. ಪಕ್ಕದ ಸಹೋದ್ಯೋಗಿಗಳು ಇಣುಕಿ ನೋಡಿ, ಇದು ಮೋಸ ಎಂದು ರೇಗಿಸಿದರು. ನನಗೆ ಜಂಬ ಬಂತು.

ಆ ಜಂಬದಲ್ಲೇ ಕೆಟ್ಟೆ. ಸಾಲಿನಲ್ಲಿ ಒಬ್ಬ ಹೆಂಗಸು ಬಂದರು. ಕಪ್ಪು ಕೋಟು, ಬಿಗಿಯಾಗಿ ಕಟ್ಟಿದ ಕೂದಲು. ಶ್ರೀಲಂಕಾದಿಂದ ಬಂದ ತಮಿಳರು, ಇಪ್ಪತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಹೆಸರು ಹೇಳಲು ಬಾಯಿ ತೆರೆದರು. ನಾನು ನಕ್ಕು, ಬೇಡ ಬೇಡ, ನಿಮ್ಮದು ನನಗೆ ಗೊತ್ತಿರುತ್ತದೆ ಎಂದೆ. ಸಹಾಯ ಮಾಡಿದೆನೆಂದೇ ತಿಳಿದಿದ್ದೆ. ಆಕೆ ಒಂದು ಗಳಿಗೆ ನಿಂತು, ಸರಿ ಎಂದು ಮುಂದೆ ಹೋದರು.

ಮನೆಯಲ್ಲಿ ಹತ್ತು ದಿನ ನಮ್ಮ ಮನೆಯವರೇ ನನ್ನ ಮೇಷ್ಟ್ರು. ನಾನು ರೊಟ್ಟಿ ತಟ್ಟುವುದು, ಅವರು ಎದುರು ಕಾರ್ಡು ಹಿಡಿಯುವುದು. ತಪ್ಪಿದರೆ ಆ ರೊಟ್ಟಿ ನನ್ನ ತಟ್ಟೆಗೆ, ಸರಿಯಾದರೆ ಅವರ ತಟ್ಟೆಗೆ. ದಕ್ಷಿಣ ಏಷ್ಯಾದವರ ಆರು ಕಾರ್ಡುಗಳನ್ನು ನಾನು ಪಕ್ಕಕ್ಕಿಟ್ಟದ್ದು ಅವರ ಕಣ್ಣಿಗೆ ಬಿತ್ತು.

"ಇವನ್ಯಾಕ ಬಿಟ್ಟಿ?" ಎಂದರು.

"ನಮ್ಮ ಮಂದಿ ಮಾರಿ ನನಗ ಗೊತ್ತಾಗೂದಿಲ್ಲೇನ್ರಿ? ಉಳದವ್ರದು ಹಿಡೀರಿ," ಎಂದೆ.

ಮೊದಲ ಮತದಾನ ಆಸ್ಪತ್ರೆಗಳಿಗೆ ಸಂಬಂಧಿಸಿದ ಒಂದು ನಿರ್ಣಯದ ಮೇಲೆ. ಮೇಲಿನ ಗ್ಯಾಲರಿ ತುಂಬಿತ್ತು. ಒಂದು ಸಾಲಿನಲ್ಲಿ ಏಳೆಂಟು ಜನ ನರ್ಸುಗಳು, ಶಿಫ್ಟು ಮುಗಿಸಿ ಹಾಗೇ ಬಂದವರು. ಗಂಟೆ ನಿಂತಿತು. ಮುಖ್ಯಮಂತ್ರಿ ಎದ್ದರು, ಹೆಸರು ಹೇಳಿದೆ, ಕೂತರು. ಮೊದಲ ಸಾಲು ಮುಗಿಯಿತು, ಎರಡನೆಯದು ಮುಗಿಯಿತು. ವಾಲ್ಟರ್ ಎದ್ದರು, ಹೇಳಿದೆ. ಉಕ್ರೇನಿನ ಉದ್ದ ಹೆಸರು ಎಡವದೆ ಹೇಳಿದೆ, ಯಾರೋ ಮೆಚ್ಚಿ ಮೇಜು ತಟ್ಟಿದರು. ಮೂರನೇ ಸಾಲಿನಲ್ಲಿ ಕಪ್ಪು ಕೋಟಿನ ಹೆಂಗಸು ಎದ್ದರು.

"ಮಿಸ್ ಪಾರೇಖ್," ಎಂದೆ.

ಆಕೆ ಕೂರಲಿಲ್ಲ. ಕೇಳಿಸಲಿಲ್ಲವೇನೋ ಎಂದುಕೊಂಡು ಇನ್ನೂ ಗಟ್ಟಿಯಾಗಿ ಅದೇ ಹೆಸರು ಹೇಳಿದೆ. ಆಗ ಎದುರು ಪಕ್ಷದ ಸಾಲಿನಿಂದ ನಗು ಎದ್ದಿತು. ಯಾಕೆಂದರೆ ಮಿಸ್ ಪಾರೇಖ್ ಎಂಬವರು ಅಲ್ಲಿ, ವಿರೋಧ ಪಕ್ಷದ ಕಡೆ, ತಮ್ಮ ಕುರ್ಚಿಯಲ್ಲಿ ಆರಾಮವಾಗಿ ಕೂತಿದ್ದರು. ಗುಜರಾತಿ ಹೆಂಗಸು, ಎತ್ತರ ಬೇರೆ, ಮುಖ ಬೇರೆ, ವಯಸ್ಸೂ ಬೇರೆ. ಇಬ್ಬರಿಗೂ ಇದ್ದ ಹೋಲಿಕೆ ಎಂದರೆ ನನ್ನಂಥದೇ ಮೈಬಣ್ಣ, ಅಷ್ಟೇ.

ನಿಂತವರ ಹೆಸರು ನೆನಪಿಗೆ ಬರುತ್ತಿಲ್ಲ. ಬರುವುದೆಲ್ಲಿಂದ, ಕಲಿತಿದ್ದರೆ ತಾನೆ! ಆಕೆಯ ಪಕ್ಕದವರು ಕೋಟಿನ ತೋಳು ಜಗ್ಗಿ ಕೂರಿ ಎಂದು ಸನ್ನೆ ಮಾಡಿದರು. ಆಕೆ ಕದಲಲಿಲ್ಲ, ನನ್ನನ್ನೇ ನೋಡುತ್ತಾ ನಿಂತಿದ್ದರು. ನಾನು ಪಕ್ಕದಲ್ಲಿದ್ದ ಹೆಲೆನ್ ಕಡೆ ತಿರುಗಿದೆ. ಅವರಿಗೆ ಹೆಸರು ಗೊತ್ತು, ಪಿಸುಗುಟ್ಟಿದರೆ ಮುಗಿಯಿತು. ಅವರು ತುಟಿ ಬಿಚ್ಚಲಿಲ್ಲ. ನಗು ಜೋರಾಯಿತು. ಆಗ ಸಭಾಧ್ಯಕ್ಷರು ಎದ್ದರು. ಅವರು ಎದ್ದರೆ ಎಲ್ಲರೂ ಸುಮ್ಮನಾಗಬೇಕು.

"ಸದಸ್ಯರು ನಿಂತಿದ್ದಾರೆ," ಎಂದರು. "ಅವರ ಹೆಸರು ಬರುವವರೆಗೆ ಸಭೆ ಕಾಯುತ್ತದೆ."

ಸಭೆ ಕಾಯಿತು. ಎಷ್ಟು ಹೊತ್ತೋ ಗೊತ್ತಿಲ್ಲ, ನನಗಂತೂ ವರ್ಷವಾದ ಹಾಗಿತ್ತು. ಕೊನೆಗೆ ನಾನು ಮಾಡಬಾರದ್ದನ್ನು ಮಾಡಿದೆ. ಮುಂದಿದ್ದ ಆಸನಪಟ್ಟಿ ಎತ್ತಿಕೊಂಡು, ಎಲ್ಲರೂ ನೋಡುತ್ತಿರುವಾಗ, ಮೂರನೇ ಸಾಲಿನ ಮೇಲೆ ಬೆರಳಿಟ್ಟು ಹುಡುಕಿ ಓದಿದೆ: ಮಿಸ್ ಅರುಳ್‌ಮಣಿ. ಆಕೆ ಕೂತರು. ಉಳಿದ ಹೆಸರುಗಳನ್ನು ಹೇಗೆ ಹೇಳಿದೆನೋ ದೇವರೇ ಬಲ್ಲ.

ಅವತ್ತು ಸಂಜೆ ಮಿಸ್ ಪಾರೇಖ್ ನಮ್ಮ ಕಚೇರಿಯ ಬಾಗಿಲಲ್ಲಿ ತಲೆ ಹಾಕಿ, ನಾನು ಎರಡು ಸಲ ಸರ್ಕಾರದ ಪರ ಮತ ಹಾಕಿದೆನಂತೆ, ನಮ್ಮ ನಾಯಕರು ಕಾರಣ ಕೇಳುತ್ತಿದ್ದಾರೆ ಎಂದು ತಮಾಷೆ ಮಾಡಿ ಹೋದರು. ನನ್ನನ್ನು ಹಗುರ ಮಾಡಲೆಂದೇ ಬಂದಿದ್ದರು, ಒಳ್ಳೆಯ ಜೀವ. ನನಗೆ ಅಳು ಬಂತು. ಮನೆಗೆ ಹೋಗುವ ಮೊದಲೇ ಪತ್ರ ಬರೆದೆ. ಹೆಸರು ಹೇಳುವ ಕೆಲಸದಿಂದ ನನ್ನನ್ನು ಬಿಡಿಸಿ, ಹಿಂದಿನ ಕೋಣೆಗೇ ಕಳಿಸಿ ಎಂದು. ಆ ಮೇಜಿನಲ್ಲಿ ನನ್ನ ಬಣ್ಣದ ಹೆಂಗಸು ಅದಕ್ಕೂ ಮೊದಲು ಕೂತಿರಲಿಲ್ಲ. ಎಷ್ಟು ಆಸೆಪಟ್ಟು ಕೂತಿದ್ದೆನೋ ಅಷ್ಟೇ ಹೇಸಿಗೆ ನನ್ನ ಮೇಲೆ ನನಗೆ.

ಹೆಲೆನ್ ಪತ್ರ ಓದಿ ಮಡಚಿ ನನ್ನ ಕೈಗೇ ವಾಪಸು ಕೊಟ್ಟರು. ನಾನು ತಡೆಯಲಾರದೆ ಕೇಳಿಬಿಟ್ಟೆ, ನಿಮಗೆ ಹೆಸರು ಗೊತ್ತಿತ್ತಲ್ಲ, ಯಾಕೆ ಹೇಳಿಕೊಡಲಿಲ್ಲ ಎಂದು. ಸಿಟ್ಟಿನಲ್ಲೇ ಕೇಳಿದೆ, ಮೇಲಧಿಕಾರಿ ಎಂಬುದನ್ನೂ ಮರೆತು.

"ಆಕೆ ನನ್ನನ್ನು ನೋಡುತ್ತಿರಲಿಲ್ಲ, ನಿನ್ನನ್ನು ನೋಡುತ್ತಿದ್ದರು," ಎಂದರು ಹೆಲೆನ್. "ಈ ಪತ್ರ ತೆಗೆದುಕೊಳ್ಳಬೇಕೋ ಬೇಡವೋ ನಾನು ಹೇಳಲಾರೆ. ತಪ್ಪಿದ್ದು ಯಾರ ಹೆಸರೋ ಅವರಿಗೆ ಕೊಡು. ಅವರು ಸರಿ ಎಂದರೆ ಸಹಿ ಹಾಕುತ್ತೇನೆ."

ಮೂವತ್ತು ವರ್ಷದಲ್ಲಿ ನನಗೆ ಆರು ಜನ ಮೇಲಧಿಕಾರಿಗಳು ಬಂದು ಹೋದರು. ತಪ್ಪು ಮಾಡಿದವಳನ್ನು ಬೈಯುವವರನ್ನು ನೋಡಿದ್ದೇನೆ, ಬೆನ್ನು ಸವರಿ ಕಳಿಸುವವರನ್ನೂ ನೋಡಿದ್ದೇನೆ. ಎರಡೂ ಮಾಡದೆ, ಹೋಗಬೇಕಾದ ಬಾಗಿಲಿಗೆ ಕಳಿಸಿದವರು ಹೆಲೆನ್ ಒಬ್ಬರೇ.

ಮಾರನೇ ದಿನ ಮಧ್ಯಾಹ್ನ ಮಿಸ್ ಅರುಳ್‌ಮಣಿಯವರ ಕೋಣೆಗೆ ಹೋದೆ. ಹೊಸಬರಿಗೆ ಕೊಡುವ ಪುಟ್ಟ ಕೋಣೆ, ಇನ್ನೂ ಬಿಚ್ಚದ ಪೆಟ್ಟಿಗೆಗಳು. ಒಂದು ಪೆಟ್ಟಿಗೆಯ ಮೇಲಿದ್ದ ಫೈಲು ತೆಗೆದು, ಕೂರಿ ಎಂದರು. ನಾನು ಕ್ಷಮೆ ಕೇಳಿದೆ. ತರಬೇತಿಯ ದಿನ ಹೆಸರು ಹೇಳಲು ಬಿಡದೆ ಕಳಿಸಿದ್ದನ್ನು, ಕಾರ್ಡು ಪಕ್ಕಕ್ಕಿಟ್ಟದ್ದನ್ನು, ಎಲ್ಲ ಹೇಳಿದೆ. ಆಮೇಲೆ ಪತ್ರ ಕೊಟ್ಟೆ. ಓದಿದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬೈಯಲಿಲ್ಲ.

"ಬೇರೆ ಯಾರೇ ತಪ್ಪು ಹೇಳಿದ್ದರೂ ನಾನು ಕೂತುಬಿಡುತ್ತಿದ್ದೆ," ಎಂದರು. "ಇಪ್ಪತ್ತು ವರ್ಷ ವಾರ್ಡಿನಲ್ಲಿ ಇನ್ನೊಬ್ಬರ ಹೆಸರಿಗೆ ಓಗೊಟ್ಟಿದ್ದೇನೆ. ನಿನ್ನೆ ಮೇಲೆ ಕೂತಿದ್ದ ಆ ನರ್ಸುಗಳೂ ಹಾಗೆಯೇ. ತಿದ್ದುವುದಕ್ಕೆ ಪುರುಸೊತ್ತಿಲ್ಲ, ರೋಗಿ ಕಾಯುತ್ತಿರುತ್ತಾನೆ. ನಿನ್ನೆ ಆ ಹೆಸರು ನಿಮ್ಮ ಬಾಯಲ್ಲಿ ಬಂತಲ್ಲ, ಅದಕ್ಕೇ ನಿಂತೆ."

ನನಗೆ ಹಳೆಯದೊಂದು ನೆನಪಾಯಿತು. ಕೆಳಗಿನ ಗ್ರಂಥಾಲಯದಲ್ಲಿ ರೇಖಾ ಎಂಬ ಮರಾಠಿ ಹುಡುಗಿ ಇದ್ದಳು. ನಾನು ಸೇರಿದ ಹೊಸತರಲ್ಲಿ ನಾಲ್ಕು ವರ್ಷ ಒಬ್ಬ ಮೇಲಧಿಕಾರಿ ನನ್ನನ್ನು ರೇಖಾ ಎಂದೇ ಕರೆದರು. ನಾನು ಒಮ್ಮೆಯೂ ತಿದ್ದಲಿಲ್ಲ, ಯೆಸ್ ಸರ್ ಎಂದು ಎದ್ದು ಹೋಗುತ್ತಿದ್ದೆ. ಮನೆಗೆ ಬಂದು ಪಾತ್ರೆ ಕುಕ್ಕುತ್ತಿದ್ದೆ. ಅದನ್ನು ಆಕೆಗೆ ಹೇಳಿದೆ. ಮನೆಯವರಿಗೆ ಬಿಟ್ಟರೆ ಮೊದಲ ಸಲ ಇನ್ನೊಬ್ಬರಿಗೆ ಹೇಳಿದ್ದು.

ಆಕೆ ಪತ್ರವನ್ನು ನನ್ನ ಮುಂದೆ ಇಟ್ಟರು. "ಇದಕ್ಕೆ ಸರಿ ಎನ್ನಲು ನನಗೆ ಮನಸ್ಸಿಲ್ಲ. ನೀವು ಹೋದರೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆ. ಅವರು ತಪ್ಪು ಹೇಳುತ್ತಾರೆ, ನಾನು ಮತ್ತೆ ಕೂರಲು ಶುರು ಮಾಡುತ್ತೇನೆ." ಆಮೇಲೆ ತರಬೇತಿಯ ದಿನ ಹೇಳಲು ಬಿಡದಿದ್ದ ಹೆಸರನ್ನು ಮೂರು ಸಲ ಹೇಳಿದರು, ನಿಧಾನವಾಗಿ. ಬರೆದುಕೊಳ್ಳಲು ಬೇರೆ ಕಾಗದವಿರಲಿಲ್ಲ. ಆ ಪತ್ರದ ಬೆನ್ನಿನ ಮೇಲೇ ಬರೆದುಕೊಂಡೆ.

ಅಷ್ಟರಲ್ಲಿ ಮತದಾನದ ಗಂಟೆ ಬಾರಿಸಿತು. ಯಾವುದೋ ಸಣ್ಣ ತಿದ್ದುಪಡಿ, ವಿಷಯ ಏನೆಂದು ನನಗೀಗ ನೆನಪೂ ಇಲ್ಲ. ಆಕೆ ಸದಸ್ಯರ ಬಾಗಿಲಿನಿಂದ ಹೋದರು, ನಾನು ಗೌನು ಎಳೆದುಕೊಳ್ಳುತ್ತಾ ಹಿಂಬಾಗಿಲಿನಿಂದ ಓಡಿದೆ. ಪರ ಇರುವವರು ಏಳತೊಡಗಿದರು. ಮೊದಲ ಸಾಲು, ಎರಡನೇ ಸಾಲು. ಮೂರನೇ ಸಾಲಿನಲ್ಲಿ ಆಕೆ ಎದ್ದರು. ಕೈಯಲ್ಲಿ ಕಾಗದವಿಲ್ಲದೆ, ಮುಖ ನೋಡಿ, ಮಿಸ್ ಅರುಳ್‌ಮಣಿ ಎಂದೆ.

ಆಕೆ ಕೂರಲಿಲ್ಲ. ಮತ್ತೆ ತಪ್ಪಿದೆನೇ? ಹೆಲೆನ್ ಕೂಡ ತಲೆಯೆತ್ತಿ ನೋಡಿದರು. ಒಂದು ಉಸಿರೆಳೆದು ಬಿಡುವಷ್ಟು ಹೊತ್ತು ಆಕೆ ಹಾಗೇ ನಿಂತಿದ್ದು, ಆಮೇಲೆ ಕೂತರು.

ಸಭೆ ಮುಗಿದ ಮೇಲೆ ಮೊಗಸಾಲೆಯಲ್ಲಿ ಹಿಡಿದು ಕೇಳಿದೆ, ಸರಿಯಾಗಿ ಹೇಳಿದೆನಲ್ಲ, ಯಾಕೆ ನಿಂತಿರಿ ಎಂದು.

"ಕೇಳಿಸಿಕೊಳ್ಳುತ್ತಿದ್ದೆ," ಎಂದರು.